ಹೊಸಬರ ಮೇಜಿನಲ್ಲಿ ನಾನು ಕಲಿತದ್ದು

ಅಮೆರಿಕದಲ್ಲಿ ನಾಯಿಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅದಕ್ಕೂ ಸಮ್ಮೇಳನ ನಡೆಯುತ್ತದೆ ಅಂದರೆ ಊರಲ್ಲಿ ಚಿಕ್ಕಪ್ಪ ನಂಬಲೇ ಇಲ್ಲ. "ನಾಯಿಗಳೂ ಭಾಷಣ ಮಾಡ್ತಾವಾ?" ಅಂತ ಕೇಳಿದರು. 1993ರಲ್ಲಿ ಇಯಾನ್ ಡನ್ಬಾರ್ ಎಂಬ ಪಶುವೈದ್ಯರು ಎಪಿಡಿಟಿ ಅಂತ ತರಬೇತುದಾರರ ಸಂಘವನ್ನೇ ಕಟ್ಟಿದರು ಅಂತ ಹೇಳಿದ ಮೇಲೂ ನಗು ನಿಲ್ಲಲಿಲ್ಲ.

ನನ್ನ ಮೊದಲ ಸಮ್ಮೇಳನದಲ್ಲಿ ಮೂರು ದಿನವೂ ಒಬ್ಬಳೇ ಊಟ ಮಾಡಿದೆ. ಒಂದು ದಿನವಂತೂ ತಟ್ಟೆ ಹಿಡಿದುಕೊಂಡು ರೂಮಿಗೇ ಹೋಗಿಬಿಟ್ಟೆ. ಆ ಸಂಕಟಕ್ಕೇ ಮುಂದೆ ಹೊಸಬರನ್ನು ನೋಡಿಕೊಳ್ಳುವ ಕೆಲಸ ಕೇಳಿ ಪಡೆದೆ.

ಮೊದಲ ವರ್ಷ ಪೂರ್ತಿ ಎಡವಟ್ಟು. ಬಾಗಿಲಲ್ಲೇ ನಿಂತು ಎಲ್ಲರ ಕೈ ಕುಲುಕಿದೆ. ಮೂವತ್ತು ಜನರನ್ನು ಗುಂಡಗೆ ಕೂರಿಸಿ, ಮೈಕ್ ಕೊಟ್ಟು, "ನಿಮ್ಮ ಬಗ್ಗೆ ಹೇಳಿ" ಅಂದೆ. ಒಬ್ಬರು ತುಟಿ ಸವರಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿದರು. ನಾಯಿ ಹಾಗೆ ಮಾಡಿದ್ದರೆ, ಅದಕ್ಕೆ ಕಸಿವಿಸಿ ಆಗ್ತಿದೆ ಅಂತ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಮನುಷ್ಯರು ಮಾಡಿದಾಗ ಇನ್ನೂ ಹತ್ತಿರ ಹೋಗಿ ನಕ್ಕೆ! ಕಾಫಿ ವಿರಾಮದ ನಂತರ ಅರ್ಧ ಕುರ್ಚಿ ಖಾಲಿ.

ಮರುವರ್ಷ ಮೈಕ್ ಕಿತ್ತೆ. ಉದ್ದನೆ ಮೇಜಿನ ಮೇಲೆ ಕೈಚೀಲ, ಕಾರ್ಯಕ್ರಮಪಟ್ಟಿ, ಟ್ರೀಟ್ ಪೊಟ್ಟಣ, ಕ್ಲಿಕ್ಕರ್ (ಒತ್ತಿದರೆ ಟಿಕ್ ಅನ್ನುವ, ತರಬೇತಿಗೆ ಬಳಸುವ ಪುಟ್ಟ ಸಾಧನ) ರಾಶಿ ಹಾಕಿ, "ಇದನ್ನೆಲ್ಲ ಚೀಲಕ್ಕೆ ತುಂಬಬೇಕು, ಸ್ವಲ್ಪ ಕೈ ಹಾಕ್ತೀರಾ?" ಅಂದೆ. ಅಷ್ಟೇ. ಅಮ್ಮ, ಅತ್ತೆ ಎಲ್ಲ ಕೂತು ಅವರೆಕಾಯಿ ಸುಲಿಯುವಾಗ ಮಾತು ತಾನಾಗಿ ಬರುತ್ತಿತ್ತಲ್ಲ, ಹಾಗೇ ಆಯಿತು. ಯಾರ ಕಣ್ಣನ್ನೂ ನೋಡಬೇಕಾಗಿಲ್ಲ. ಬೇಡ ಅನಿಸಿದರೆ ಸುಮ್ನೆ ಚೀಲ ತುಂಬುತ್ತಿರಬಹುದು. ಒಂದೇ ಎಚ್ಚರಿಕೆ: ಕ್ಲಿಕ್ಕರ್ ಒತ್ತಬೇಡಿ. ಆ ಸದ್ದು ಕೇಳಿದ ನಾಯಿಗೆ ತಿಂಡಿ ಬರಬೇಕು, ಬರದಿದ್ದರೆ ಯಾರದೋ ಶ್ರಮ ಹಾಳು.

ಚೀಲ ತುಂಬುತ್ತಲೇ ಪ್ರಶ್ನೆಗಳೂ ಬರುತ್ತವೆ. "ನಾಯಿಗಳು ಎಲ್ಲಿ?" ಅನ್ನುವುದು ಮೊದಲನೆಯದು. ಕಮ್ಮಿ ಇರುತ್ತವೆ. ಬಂದವೂ ಕೆಲಸದ ಮೇಲೆ ಬಂದಿರುತ್ತವೆ, ಕೇಳದೆ ಮುಟ್ಟುವ ಹಾಗಿಲ್ಲ. ಎರಡನೆಯದನ್ನು ಪಿಸುಮಾತಲ್ಲಿ ಕೇಳುತ್ತಾರೆ: "ಹಳಬರು ಯಾಕೆ ಮುಖ ಕೊಟ್ಟು ಮಾತಾಡಲ್ಲ?" ಹೆಸರಿನ ಜೊತೆ ರೈಲಿನಷ್ಟು ಉದ್ದ ಅರ್ಹತೆಯ ಅಕ್ಷರ ಇರುವವರು ಸರಸರ ಓಡುತ್ತಿರುತ್ತಾರೆ, ಜಂಬ ಅನಿಸುತ್ತದೆ. ನಿಜ ಬೇರೆ. ಸಿಪಿಡಿಟಿ-ಕೆಎ ಅನ್ನುವ ತರಬೇತುದಾರರ ಪ್ರಮಾಣಪತ್ರ ಪಡೆಯಲು ಮೂರು ವರ್ಷದಲ್ಲಿ 300 ಗಂಟೆ ತರಬೇತಿ ಕೊಟ್ಟಿರಬೇಕು, ಮೇಲೆ ಪರೀಕ್ಷೆ. ಅದು ಸಿಕ್ಕ ಮೇಲೂ ಮೂರು ವರ್ಷಕ್ಕೊಮ್ಮೆ, ಇಂಥ ಉಪನ್ಯಾಸಗಳಲ್ಲಿ ಕೂತು ಗಳಿಸುವ ಕಲಿಕೆಯ 36 ಅಂಕ ತೋರಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು. ಆ ಅಂಕಗಳಿಗಾಗಿಯೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಟ. ಇದನ್ನು ಹೇಳಿದರೆ ಹೊಸಬರ ಹೆಗಲು ಎರಡು ಇಂಚು ಕೆಳಗಿಳಿಯುತ್ತದೆ.

ಕಷ್ಟದ್ದು ಮೊದಲ ದಿನದ ಊಟ. ಒಬ್ಬ ಹಳಬರಿಗೆ ಮೂವರು ಹೊಸಬರು, ಅದಕ್ಕಿಂತ ಜಾಸ್ತಿ ಬೇಡ. ಐದಾದರೆ ಒಬ್ಬರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಹಳಬರಿಗೆ ನಾನು ಹೇಳುವುದು ಒಂದೇ, ನಿಮ್ಮ ಸಾಧನೆ ಆಮೇಲೆ, ಮೊದಲು ಅವರ ಮನೆ ನಾಯಿ ಹೆಸರು ಕೇಳಿ.

ಒಂದು ವರ್ಷ ಬೆಂಗಳೂರಿನ ಹುಡುಗಿ ಬಂದಿದ್ದಳು. ನನ್ನ ಬ್ಯಾಡ್ಜ್ ಓದಿ, "ಅಕ್ಕಾ, ಕನ್ನಡ ಬರುತ್ತಾ?" ಅಂದಳು. ಬೀದಿನಾಯಿಗಳನ್ನು ಮನೆಗೆ ಒಗ್ಗಿಸುವುದು ಅವಳ ಕೆಲಸ. ಇಲ್ಲಿ ಹೇಳಿಕೊಳ್ಳಲು ಅವಳಿಗೆ ಸಂಕೋಚ, ಎಲ್ಲರೂ ತಳಿ ಕೇಳುತ್ತಾರಲ್ಲ. ಊಟದ ಮೇಜಿನಲ್ಲಿ ನಾನೇ ಬಾಯಿ ಹಾಕಿ, ಬೀದಿಯಲ್ಲಿ ಬೆಳೆದ ನಾಯಿ ಮೊದಲ ಸಲ ಲಿಫ್ಟ್ ಹತ್ತುವುದು ಹೇಗೆ ಅಂತ ಹೇಳು ಅಂದೆ. ಹೇಳಿದಳು. ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು. ಎರಡನೇ ದಿನ, "ಸಾರಿ ಅಕ್ಕಾ, ಇವತ್ತು ನಿಮ್ಮ ಜೊತೆ ಊಟಕ್ಕೆ ಬರಲ್ಲ, ಅವರೆಲ್ಲ ಕರೆದಿದ್ದಾರೆ" ಅಂದಳು.

ಮೊದಲ ರಾತ್ರಿಯ ಪಾರ್ಟಿಗೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ. ಹಾಡಿನ ಅಬ್ಬರ, ಎಲ್ಲರೂ ನಿಂತೇ ಇರಬೇಕು, ಕೈಗೆ ಕೆಲಸವೂ ಇಲ್ಲ. ಹೋದ ಸಲ ಅರ್ಧ ಗಂಟೆಗೇ ನಾನೂ ರೂಮಿಗೆ ಓಡಿದೆ. ಲಿಫ್ಟಲ್ಲಿ ಇಬ್ಬರು ಹೊಸಬರು ಸಿಕ್ಕರು.