ಹಂದಿಯನ್ನು ಓಡಿಸಲಿಲ್ಲ, ದಾರಿ ಬಿಟ್ಟುಕೊಟ್ಟೆ

ಮನೆಯಿಂದ ತೋಟಕ್ಕೆ ಹೋಗುವ ನನ್ನ ಕಾಲುದಾರಿ ಪೊದೆಗಳ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ಕಾಡುಹಂದಿ ಎದುರಾಗುವುದು ನಿಂತು ಹತ್ತಿರ ಹತ್ತಿರ ಎರಡು ವರ್ಷವಾಯಿತು. ಹಿಂಡು ಈಗಲೂ ಅಲ್ಲೇ ಇದೆ, ನಾನು ಕಟ್ಟಿದ ಕ್ಯಾಮೆರಾದಲ್ಲಿ ಆಗಾಗ ಕಾಣುತ್ತದೆ. "ಪೊದೆ ಉಳಿಸಿಕೊಂಡರೆ ಹಂದಿ ಸಾಕಿದ ಹಾಗೆಯೇ" ಎಂದು ನಕ್ಕವರು ಈಗ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಮಿನುಗುವ ಸೋಲಾರ್ ದೀಪ ತಂದು ಹಾಕಿದೆ. ಒಂದು ವಾರ ಹಂದಿಯ ಸುಳಿವೇ ಇರಲಿಲ್ಲ. ಆಮೇಲೆ ಆ ದೀಪದ ಬೆಳಕಿನಲ್ಲೇ ನೆಲ ಕೆದಕಿ ಹೋಗಿದ್ದವು. ಹುಲಿ ಗರ್ಜನೆಯ ರೆಕಾರ್ಡಿಂಗ್, ರಾತ್ರಿಯಿಡೀ ರೇಡಿಯೋ, ಮನುಷ್ಯರ ಕೂದಲು, ಖಾರದ ಪುಡಿ, ಎಲ್ಲದರ ಹಣೆಬರಹವೂ ಅಷ್ಟೇ. ಸದ್ದಿನ ಹಿಂದೆ ಏನೂ ಇಲ್ಲ ಅಂತ ತಿಳಿಯಲು ಹಂದಿಗೆ ಜಾಸ್ತಿ ದಿನ ಬೇಡ.

ನಾಯಿಯದ್ದು ಇನ್ನೂ ದೊಡ್ಡ ಫಜೀತಿ. ಪೊದೆಗೆ ನುಗ್ಗಿ ಬೊಗಳುವವರೆಗೆ ಶೂರ. ಹಂದಿ ತಿರುಗಿ ನಿಂತರೆ ಓಡಿ ಬರುವುದು ಸೀದಾ ಯಜಮಾನನ ಕಾಲ ಬುಡಕ್ಕೆ, ಹಿಂದೆಯೇ ಹಂದಿ! ಹಂದಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ನಾವು ಓಡಿ ಗೆಲ್ಲುವ ಮಾತಿಲ್ಲ. ಈಗ ಆ ದಾರಿಯಲ್ಲಿ ನಾಯಿಗೆ ಹಗ್ಗ ಕಡ್ಡಾಯ.

ಸೋಲಾರ್ ಬೇಲಿ ಅರ್ಧ ವರ್ಷದ ಉಳಿತಾಯವನ್ನು ನುಂಗಿತು. ತೋಟದ ಮಟ್ಟಿಗೆ ಅದು ಒಳ್ಳೆಯದೇ. ಎರಡು ತಂತಿ ಸಾಕು, ಒಂದು ನೆಲದಿಂದ ಸುಮಾರು 20 ಸೆಂಟಿಮೀಟರ್, ಇನ್ನೊಂದು 45ರ ಆಸುಪಾಸು. ಮೂತಿಗೆ ತಾಗಬೇಕು, ಬೆನ್ನಿಗೆ ತಾಗಿದರೆ ಬಿರುಸು ಕೂದಲಿಗೆ ಏನೂ ಆಗುವುದಿಲ್ಲ, ನುಗ್ಗಿಬಿಡುತ್ತವೆ. ಹುಲ್ಲು ತಾಗಿ ಕರೆಂಟ್ ಇಳಿದುಹೋಗುವ ಗೋಳು ನಿಮಗೆ ಹೇಳಬೇಕಾಗಿಲ್ಲ. ಮನೆಯ ಕರೆಂಟನ್ನೇ ತಂತಿಗೆ ಕೊಡುವವರ ಮಾತಿಗೆ ಮಾತ್ರ ಕಿವಿಗೊಡಬೇಡಿ. ಅದರಲ್ಲಿ ಸಾಯುವುದು ಹಂದಿ ಒಂದೇ ಅಲ್ಲ, ಮನುಷ್ಯರೂ ಸಾಯುತ್ತಾರೆ. ಆದರೆ ಬೇಲಿ ತೋಟವನ್ನು ಕಾಯುತ್ತದೆ, ಕಾಲುದಾರಿಯನ್ನು ಕಾಯುವುದಿಲ್ಲ. ಬೇಲಿ ಹಾಕಿದ ಮೇಲೆ ಹಂದಿಗಳು ಅದರ ಹೊರಗೇ ಸಾಲಾಗಿ ನಡೆಯಲು ಶುರು ಮಾಡಿದವು. ಹೊರಗೆ ಅಂದರೆ ನನ್ನ ದಾರಿಯಲ್ಲಿ!

ಆಮೇಲೆ ಎದುರಾದ ಜಾಗಗಳನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿದೆ. ಬಹುಪಾಲು ನಾಲ್ಕೈದು ತಿರುವುಗಳಲ್ಲೇ ಬಂದವು. ಹೊತ್ತು ಮುಳುಗುವಾಗ ಇಲ್ಲವೇ ಬೆಳಕು ಹರಿಯುವ ಮುಂಚೆ, ಗಾಳಿ ನನ್ನ ಮುಖಕ್ಕೆ ಬೀಸುತ್ತಿದ್ದಾಗ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಗಾಳಿ ನನ್ನ ಬೆನ್ನಿಗಿದ್ದರೆ ನನ್ನ ವಾಸನೆ ಮುಂದೆ ಹೋಗಿ ಅವು ತಾವಾಗಿಯೇ ಸರಿಯುತ್ತವೆ. ಗಾಳಿ ಎದುರಿಗಿದ್ದರೆ ನಾನು ಪಕ್ಕಕ್ಕೆ ಬರುವವರೆಗೂ ಗೊತ್ತಾಗುವುದಿಲ್ಲ.

ಹಾಗಾಗಿ ಪೊದೆ ಪೂರ್ತಿ ಕಡಿಸುವ ಯೋಚನೆ ಬಿಟ್ಟೆ. ಕೂಲಿಯೂ ಉಳಿಯಿತು. ತಿರುವುಗಳಲ್ಲಿ ಮಾತ್ರ ಎರಡೂ ಬದಿಗೆ ಐದಾರು ಮೀಟರ್ ಬಯಲು ಮಾಡಿದೆ. ಆ ಬಯಲಿನಾಚೆಯ ದಟ್ಟ ಪೊದೆಗೆ ಕತ್ತಿ ಮುಟ್ಟಿಸಲಿಲ್ಲ. ಅದು ಅವು ಓಡಿಹೋಗುವ ಬಾಗಿಲು, ಅದನ್ನು ಮುಚ್ಚಿದರೆ ನಮ್ಮ ಮೇಲೇ ಬರುತ್ತವೆ. ಅವುಗಳ ಜಾಡು ನನ್ನ ದಾರಿಯನ್ನು ಅಡ್ಡ ಹಾಯುವ ಎರಡು ಕಡೆ ನನ್ನ ದಾರಿಯನ್ನೇ ಬದಲಿಸಿದೆ. ಜಾಡು ಹಿಡಿಯುವುದು ಕಷ್ಟವಲ್ಲ. ಮೆತ್ತನೆ ಮಣ್ಣಿನಲ್ಲಿ ಗೊರಸಿನ ಹಿಂದೆ ಎರಡು ಸಣ್ಣ ಚುಕ್ಕೆ ಬಿದ್ದಿರುತ್ತವೆ. ಮರದ ಬುಡಕ್ಕೆ ಕೆಸರು ಒರೆಸಿದ ಎತ್ತರ ನೋಡಿದರೆ ಹಂದಿ ಎಷ್ಟು ದೊಡ್ಡದು ಅಂತಲೂ ಅಂದಾಜು ಸಿಗುತ್ತದೆ.

ನಿಜವಾದ ಬದಲಾವಣೆ ಬಂದದ್ದು ನೀರಿನಿಂದ. ನಮ್ಮ ತೊಟ್ಟಿ ತುಂಬಿ ಹರಿದ ನೀರು ದಾರಿಯ ಪಕ್ಕದ ತಗ್ಗಿನಲ್ಲಿ ನಿಂತು ಕೆಸರಾಗಿತ್ತು. ಹಂದಿ ಮೈ ಬೆವರಿ ತಣ್ಣಗಾಗುವ ಪ್ರಾಣಿಯಲ್ಲ, ಅದಕ್ಕೆ ಕೆಸರು ಬೇಕೇ ಬೇಕು. ಹೊರಳಾಡುವ ಜಾಗವನ್ನು ನಾವೇ ಮಾಡಿಕೊಟ್ಟಿದ್ದೆವು! ತೊಟ್ಟಿ ತುಂಬಿದೊಡನೆ ನೀರು ನಿಲ್ಲಿಸುವ ಒಂದು ಬಾಲ್ ವಾಲ್ವ್, ಸ್ವಲ್ಪ ಪೈಪು, ಅಷ್ಟೇ ಖರ್ಚು. ಬೇಲಿಯ ಲೆಕ್ಕದಲ್ಲಿ ಅದು ಪುಡಿಗಾಸು. ತಗ್ಗು ಒಣಗಿದ ಕೆಲವೇ ವಾರಗಳಲ್ಲಿ ಹಿಂಡು ಕೆಳಗಿನ ಹಳ್ಳದ ಕಡೆ ಜರುಗಿತು. ಅಡುಗೆಮನೆಯ ಕಸಕ್ಕೂ ಮುಚ್ಚಳ ಬಿತ್ತು. ಹಳ್ಳದ ಕಡೆಯೇ ಅವು ನಿಲ್ಲುವಂತೆ ಇನ್ನೂ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 2020ರಲ್ಲಿ ಬರ್ಲಿನ್‌ನ ಕೆರೆಯೊಂದರ ಬಳಿ ಹಂದಿ ಒಬ್ಬರ ಲ್ಯಾಪ್‌ಟಾಪ್ ಇದ್ದ ಚೀಲ ಕಚ್ಚಿಕೊಂಡು ಓಡಿತ್ತು. ಆತ ಬಟ್ಟೆಯಿಲ್ಲದೆ ಅದರ ಹಿಂದೆ ಓಡುವ ಫೋಟೋ ನೀವೂ ನೋಡಿರಬಹುದು. ಚೀಲ ಅಂದರೆ ತಿಂಡಿ ಅಂತ ಕಲಿತ ಹಂದಿ ಅದು. ನಮ್ಮವೂ ಹಾಗೇನಾ ಅಂತ ಪೊದೆಯ ಈಚೆ, ಎತ್ತರದ ಬಂಡೆಯ ಮೇಲೆ ಕೂತು ಪ್ಲಾಸ್ಟಿಕ್ ಚೀಲ ಪರಪರ ಅನ್ನಿಸಿದೆ. ಎರಡು ಬೆಳೆದ ಮರಿಗಳು ಮೂತಿ ಎತ್ತಿಕೊಂಡು ಹತ್ತಿರ ಬಂದೇಬಿಟ್ಟವು. ಯಾರೋ ಅಲ್ಲಿ ತಿನ್ನಲು ಹಾಕುತ್ತಿದ್ದರು ಅನ್ನುವುದು ಖಾತ್ರಿಯಾಯಿತು. ಅಂದಿನಿಂದ ಬಟ್ಟೆ ಚೀಲ.

ಇಷ್ಟಾದರೂ ಎದುರಾದರೆ? ಹಿಂಡೆಂದರೆ ಹೆಣ್ಣುಗಳು ಮತ್ತು ಮರಿಗಳು, ದೊಡ್ಡ ಗಂಡು ಸಾಮಾನ್ಯವಾಗಿ ಒಂಟಿ. ನನಗೆ ಒಂಟಿ ಗಂಡಿಗಿಂತ ಪಟ್ಟೆಯ ಮರಿಗಳ ತಾಯಿಯದೇ ಭಯ. ಬೆನ್ನಿನ ಕೂದಲು ನಿಂತು, ಹಲ್ಲು ಕಟಕಟ ಅಂದರೆ ಕೂಗಬೇಡಿ, ಕಲ್ಲು ಎಸೆಯಬೇಡಿ. ಅದು ಓಡುವುದು ಅದರ ಜಾಡಿನ ಮೇಲೆ, ನೀವು ಅಲ್ಲೇ ನಿಂತಿರುತ್ತೀರಿ. ಮುಖ ಅದರ ಕಡೆಗೇ ಇಟ್ಟುಕೊಂಡು, ಪಕ್ಕಕ್ಕೆ ನಿಧಾನ ಸರಿದು ಜಾಡು ಬಿಟ್ಟುಕೊಡಿ. ಕೋರೆಹಲ್ಲು ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ, ಪೆಟ್ಟು ಬೀಳುವುದು ಹೆಚ್ಚಾಗಿ ತೊಡೆಗೆ. ಬಂಡೆಯೋ ಮರದ ಕೊಂಬೆಯೋ, ಸೊಂಟದೆತ್ತರಕ್ಕೆ ಏರಿದರೂ ಬಹಳ ಲಾಭ.

ಹಳ್ಳದ ಪಕ್ಕದ ತಿರುವು ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ನೀರಿನ ಸದ್ದಿಗೆ ನಮ್ಮ ಹೆಜ್ಜೆ ಅವಕ್ಕೆ ಕೇಳುವುದಿಲ್ಲ, ಅಲ್ವಾ? ಸದ್ಯಕ್ಕೆ ಅಲ್ಲಿ ಜೋರಾಗಿ ಮಾತಾಡಿಕೊಂಡು, ಕೋಲು ಬಡಿಯುತ್ತಾ ಹೋಗುತ್ತೇನೆ. ಮಳೆ ಹಿಡಿಯುವ ಮೊದಲು ದಾರಿಯನ್ನು ಮೇಲಿನ ದಿಣ್ಣೆಗೆ ಏರಿಸಬೇಕು ಅಂತಿದೆ. ಮಣ್ಣು ಕೆಲಸದ ಲೆಕ್ಕ ಹಾಕುತ್ತಿದ್ದೇನೆ, ಬೇಲಿಯ ಕಾಲು ಭಾಗವೂ ಆಗಲಾರದು.