ಆಲಿಕಲ್ಲು ಬಿದ್ದ ಗುಲಾಬಿಗೆ ಕತ್ತರಿ ಎಲ್ಲಿ ಹಾಕಬೇಕು?

ಏಪ್ರಿಲ್–ಮೇನಲ್ಲಿ ಬೆಂಗಳೂರಿಗೆ ಆಲಿಕಲ್ಲು ಮಳೆ ಬಿದ್ದ ಮರುದಿನ ನಮ್ಮ ಬೀದಿಯಲ್ಲಿ ಎಲ್ಲರ ಕೈಯಲ್ಲೂ ಕತ್ತರಿ. ಗುಲಾಬಿ ಗಿಡಗಳನ್ನು ಗೇಣುದ್ದಕ್ಕೆ ಬೋಳಿಸಿಬಿಡುತ್ತಾರೆ. ಆಲಿಕಲ್ಲಿಗೆ ಉಳಿದ ಗಿಡ ಕತ್ತರಿಗೆ ಸಾಯುತ್ತದೆ, ಪಾಪ. ಹಾಗೆ ಸವರುವುದಕ್ಕೆ ಅಕ್ಟೋಬರ್ ಇದೆ. ಬೇಸಿಗೆಯಲ್ಲಿ ಮುರಿದದ್ದನ್ನು ಮಾತ್ರ ತೆಗೆಯಿರಿ. ಎಲೆ ತೂತಾಗಿದ್ದರೂ ಇರಲಿ, ಗಿಡದ ಅನ್ನ ಬೇಯುವುದು ಅಲ್ಲೇ.

ಮೊದಲು ಕುಂಡದಲ್ಲಿ ನಿಂತ ನೀರು ಬಸಿಯಿರಿ. ಉದುರಿದ ಎಲೆ, ಮೊಗ್ಗು ಗುಡಿಸಿ. ಗಾಳಿಗೆ ಗಿಡ ಅಲ್ಲಾಡಿದ್ದರೆ ಬುಡದ ಸುತ್ತ ಸಂದು ಬಿಟ್ಟಿರುತ್ತದೆ. ಮಣ್ಣು ತುಂಬಿ ಒತ್ತಿ, ಕೋಲು ನೆಟ್ಟು ಹಳೇ ಬಟ್ಟೆಯಲ್ಲಿ ಕಟ್ಟಿ. ತಂತಿ ಬೇಡ.

ಈಗ ಕತ್ತರಿ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಮುರಿದ ಜಾಗದಲ್ಲೇ ಕತ್ತರಿಸಿ ಮುಗೀತು ಅಂದುಕೊಳ್ಳುತ್ತಾರೆ. ಕೊಯ್ದ ಕೊಂಬೆಯ ನಡುವಿನ ತಿರುಳು ನೋಡಿ. ಕಂದಾಗಿದೆಯಾ? ಒಂದಿಂಚು ಕೆಳಗೆ ಕತ್ತರಿಸಿ, ಮತ್ತೆ ನೋಡಿ. ಬೆಳ್ಳಗಿನ ತಿರುಳು ಸಿಗುವವರೆಗೂ ಇಳಿಯುತ್ತಲೇ ಇರಿ. ಕೈ ಬರುವುದಿಲ್ಲ, ಗೊತ್ತು. ಆದರೆ ಕಂದು ಉಳಿದರೆ ಕೊಂಬೆ ತುದಿಯಿಂದ ಬುಡದತ್ತ ಒಣಗುತ್ತಾ ಬರುತ್ತದೆ. ಆಮೇಲೆ ಹೊರಗೆ ಮುಖ ಮಾಡಿರುವ ಕಣ್ಣೊಂದನ್ನು, ಅಂದರೆ ಚಿಗುರು ಒಡೆಯುವ ಪುಟ್ಟ ಉಬ್ಬನ್ನು ಹುಡುಕಿ. ಅದಕ್ಕಿಂತ ಕಾಲು ಇಂಚು ಮೇಲೆ, ನೀರು ಕಣ್ಣಿನ ಮೇಲೆ ಇಳಿಯದಂತೆ ಹಿಂಬದಿಗೆ ಓರೆಯಾಗಿ ಕೊಯ್ಯಿರಿ. ಜಾಸ್ತಿ ಉದ್ದ ಬಿಟ್ಟರೆ ಮೋಟು ಒಣಗುತ್ತದೆ, ತೀರಾ ಹತ್ತಿರ ಕೊಯ್ದರೆ ಕಣ್ಣೇ ಹೋಗುತ್ತದೆ. ಅಡುಗೆಮನೆ ಕತ್ತರಿ ಕೊಂಬೆಯನ್ನು ಜಜ್ಜುತ್ತದೆ. ಗಿಡ ಸವರುವ ಹರಿತವಾದ ಕತ್ತರಿ (ಸಿಕೇಚರ್) ಇಲ್ಲದಿದ್ದರೆ ಪಕ್ಕದ ಮನೆಯಿಂದ ತನ್ನಿ. ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ.

ಉದ್ದಕ್ಕೆ ಸೀಳಿದ ದಪ್ಪ ಕೊಂಬೆಯನ್ನು ಕಸಿ ಟೇಪಿನಿಂದ ಬಿಗಿಯಾಗಿ ಸುತ್ತಿ ನೋಡಬಹುದು. ಪೆನ್ಸಿಲ್ ದಪ್ಪದ್ದಕ್ಕೆ ಆ ಕಷ್ಟ ಬೇಡ.

ಕೊಯ್ದ ಬಾಯಿಗೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಲ್ಲಿ ಪೇಸ್ಟಿನಂತೆ ಕಲಸಿ, ಕೈಗವಸು ಹಾಕಿಕೊಂಡು ಹಚ್ಚಿ. ಹಸಿ ಸಗಣಿ ಮೆತ್ತುವುದನ್ನು ನಾನಂತೂ ಬಿಟ್ಟಿದ್ದೇನೆ. ಒಮ್ಮೆ ನರ್ಸರಿಯೊಂದರಲ್ಲಿ ‘ಗುಲಾಬಿ ಟಾನಿಕ್’ ಅಂತ ಬಾಟಲಿ ಕೊಟ್ಟರು. ಒಳಗೇನಿದೆ ಅಂತ ಲೇಬಲ್ಲಿನಲ್ಲಿ ಒಂದಕ್ಷರ ಇರಲಿಲ್ಲ. ಸುಮ್ನೆ ದುಡ್ಡು ದಂಡ.

ಹೊಸ ಚಿಗುರು ಬೆರಳುದ್ದ ಆಗುವವರೆಗೆ ಗೊಬ್ಬರ ಹಾಕಬೇಡಿ. ಆ ಚಿಗುರು ಎಲ್ಲಿಂದ ಬಂತು ಅನ್ನುವುದನ್ನೂ ಬಗ್ಗಿ ನೋಡಿ. ಕಸಿ ಗಂಟಿನ (ಬುಡದ ಹತ್ತಿರ ಎರಡು ಜಾತಿ ಬೆಸೆದ ಉಬ್ಬಿನ) ಕೆಳಗಿನಿಂದ ಬಂದಿದ್ದರೆ ಅದು ನಿಮ್ಮ ಗುಲಾಬಿಯಲ್ಲ, ಬೇರಿಗೆ ಬಳಸಿದ ಒರಟು ಜಾತಿ. ಆ ಚಿಗುರನ್ನು ಬುಡಸಮೇತ ಕಿತ್ತುಬಿಡಿ. ಗಿಡ ಬದುಕಿತು ಅಂತ ಖುಷಿಯಿಂದ ಅದನ್ನೇ ಸಾಕಿದವರು, ಬರುವ ವರ್ಷ ನನ್ನ ಹತ್ತಿರ ಬಂದು ‘ನಮ್ಮ ಕೆಂಪು ಗುಲಾಬಿ ಬಣ್ಣ ಯಾಕೆ ಬದಲಾಯ್ತು?’ ಅಂತ ಕೇಳುತ್ತಾರೆ.