ಮಂಗಳೂರಲ್ಲೇ ಇದ್ದು ಕ್ಯಾನ್ಸರ್ ಪ್ಯಾಥಾಲಜಿಯಲ್ಲಿ ಸಂಶೋಧನೆ ಮಾಡುವುದು ಹೇಗೆ?

ಎಂಡಿ ಪ್ಯಾಥಾಲಜಿ (ಅಂಗಾಂಶ ನೋಡಿ ಕಾಯಿಲೆ ಗುರುತಿಸುವ ವಿಭಾಗ) ಎರಡನೇ ವರ್ಷಕ್ಕೆ ಬಂದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಮೇಡಂ, ಇಲ್ಲೇ ಇದ್ದು ಕ್ಯಾನ್ಸರ್ ರಿಸರ್ಚ್ ಮಾಡ್ಲಿಕ್ಕೆ ಆಗ್ತದಾ, ಇಲ್ಲಾ ಮುಂಬೈಗೆ ಹೋಗ್ಬೇಕಾ?"

ಆಗುತ್ತದೆ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ ಶುರುವಾದದ್ದು 1880ರಲ್ಲಿ, ಮಣಿಪಾಲದಲ್ಲಿ ಕೆಎಂಸಿ 1953ರಲ್ಲಿ. ದೇರಳಕಟ್ಟೆಯಂಥ ಸಣ್ಣ ಊರಲ್ಲೇ ಒಂದಕ್ಕಿಂತ ಹೆಚ್ಚು ಮೆಡಿಕಲ್ ಕಾಲೇಜುಗಳಿವೆ. ಕಾಸರಗೋಡಿನಿಂದ ಭಟ್ಕಳದವರೆಗೆ, ಘಟ್ಟದ ಮೇಲಿನ ಚಿಕ್ಕಮಗಳೂರು ಶಿವಮೊಗ್ಗದಿಂದಲೂ ಜನ ಇಲ್ಲಿಗೇ ಬರುತ್ತಾರೆ. ಅವರ ಗಡ್ಡೆಯ ತುಂಡುಗಳು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕ್ ಆಗಿ ನಿಮ್ಮ ಡಿಪಾರ್ಟ್‌ಮೆಂಟಿನ ರ್‍ಯಾಕಿನಲ್ಲಿ ಕೂತಿವೆ. ಕೇಸಿಗೆ ನಮ್ಮಲ್ಲಿ ಬರ ಇಲ್ಲ. ಒಂದು ಪ್ರಶ್ನೆ ಹಿಡಿದು ಹತ್ತು ವರ್ಷ ಬಿಡದೆ ಕೂರುವವರು ಕಡಿಮೆ. ಹಾಗೆ ಕೂರುವುದು ಹೇಗೆ ಎಂದು ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊದಲು ಪ್ರಶ್ನೆ. ಅದನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಸೀನಿಯರ್‌ಗಳ ಥೀಸಿಸ್ ಪಟ್ಟಿಯಲ್ಲೂ ಬೇಡ. ರಿಪೋರ್ಟಿಂಗ್ ಮೇಜಿನಲ್ಲಿ ಹುಡುಕಿ. ಇಬ್ಬರು ಕನ್ಸಲ್ಟೆಂಟ್‌ಗಳು ಒಂದೇ ಸ್ಲೈಡ್ ನೋಡಿ ಬೇರೆ ಬೇರೆ ಹೇಳಿದ ದಿನ, ಸರ್ಜನ್ ಫೋನ್ ಮಾಡಿ "ಈ ಅಳತೆ ಸರಿ ಉಂಟಾ?" ಎಂದು ಕೇಳಿದ ದಿನ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತಾರೀಕು, ಬಯಾಪ್ಸಿ ನಂಬರ್ ಸಮೇತ. ಆರು ತಿಂಗಳು ಕಳೆದು ಪುಟ ತಿರುಗಿಸಿದರೆ ಒಂದೇ ತರದ ಗೊಂದಲ ಮೂರು ನಾಲ್ಕು ಸಲ ಬಂದಿರುತ್ತದೆ. ಅಲ್ಲಿಂದ ಶುರು ಮಾಡಿ.

ಬಾಯಿ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಕ್ಯಾನ್ಸರ್ ಯಾವ ಹಂತದಲ್ಲಿದೆ ಎಂದು ಹೇಳುವ ಎಜೆಸಿಸಿ ಸ್ಟೇಜಿಂಗ್‌ನ 8ನೇ ಆವೃತ್ತಿ 2018ರಲ್ಲಿ ಬಳಕೆಗೆ ಬಂದಾಗ ಗಡ್ಡೆ ಎಷ್ಟು ದೊಡ್ಡದು ಎಂಬುದರ ಜೊತೆಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೂ ಲೆಕ್ಕಕ್ಕೆ ಬಂತು. ಗಡ್ಡೆ 2 ಸೆಂ.ಮೀ. ಒಳಗಿದ್ದರೂ ಆಳ 5 ಮಿ.ಮೀ. ದಾಟಿದರೆ ಟಿ1 ಹೋಗಿ ಅದಕ್ಕಿಂತ ಮೇಲಿನ ಹಂತವಾದ ಟಿ2 ಆಗುತ್ತದೆ. ಈ ಆಳವನ್ನು ಎಲ್ಲಿಂದ ಅಳೆಯಬೇಕು? ಪಕ್ಕದಲ್ಲಿ ಸರಿಯಾಗಿರುವ ಮ್ಯೂಕೋಸಾದ (ಬಾಯಿಯ ಒಳಪದರದ) ತಳದ ತೆಳು ಪೊರೆಯಾದ ಬೇಸ್‌ಮೆಂಟ್ ಮೆಂಬ್ರೇನ್ ಮಟ್ಟದಿಂದ, ನೇರ ಕೆಳಕ್ಕೆ. ಗಡ್ಡೆಯ ದಪ್ಪ ಬೇರೆ, ಇಳಿದ ಆಳ ಬೇರೆ. ಹೂಕೋಸಿನ ಹಾಗೆ ಮೇಲಕ್ಕೆ ಬೆಳೆದದ್ದು ದಪ್ಪ ಇದ್ದರೂ ಆಳಕ್ಕೆ ಹೋಗಿರುವುದಿಲ್ಲ, ಹುಣ್ಣಾಗಿ ಗುಂಡಿ ಬಿದ್ದದ್ದು ತೆಳ್ಳಗೆ ಕಂಡರೂ ಒಳಗೆ ತುಂಬಾ ಇಳಿದಿರಬಹುದು. ಗ್ರಾಸಿಂಗ್ ಮಾಡುವಾಗ, ಅಂದರೆ ಸರ್ಜರಿಯಲ್ಲಿ ತೆಗೆದದ್ದರಿಂದ ಸ್ಲೈಡಿಗೆ ಬೇಕಾದ ತುಂಡು ಕತ್ತರಿಸುವಾಗ, ಪಕ್ಕದ ಮ್ಯೂಕೋಸಾ ಸೇರಿಸದೆ ತುಂಡು ತೆಗೆದರೆ ಆ ಗೆರೆ ಎಳೆಯಲಿಕ್ಕೆ ಜಾಗವೇ ಇಲ್ಲ, ಅಲ್ವಾ? ಹಾಗಾದರೆ ನಿಮ್ಮ ಡಿಪಾರ್ಟ್‌ಮೆಂಟಿನ ಹಳೇ 100 ಕೇಸುಗಳಲ್ಲಿ ಎಷ್ಟರಲ್ಲಿ ಆಳ ಅಳೆಯಲು ಆಗುತ್ತದೆ? ಇಬ್ಬರು ಬೇರೆ ಬೇರೆ ಕೂತು ಅಳೆದರೆ ಎಷ್ಟು ಕೇಸು 5 ಮಿ.ಮೀ. ಗೆರೆಯ ಆಚೆಗೋ ಈಚೆಗೋ ಹೋಗುತ್ತವೆ? ಇದಕ್ಕೆ ಮಾಮೂಲಿ ಬಣ್ಣ ಹಾಕಿದ ಎಚ್ ಆಂಡ್ ಇ ಸ್ಲೈಡ್, ಅಳತೆ ಮಾಡಬಹುದಾದ ಮೈಕ್ರೋಸ್ಕೋಪ್, ತಾಳ್ಮೆ ಇರುವ ಇಬ್ಬರು ಸಾಕು. ವಿಶೇಷ ಬಣ್ಣಕ್ಕೆ ಬಳಸುವ ದುಬಾರಿ ಆಂಟಿಬಾಡಿ ಬೇಡ. ಮೊದಲ ಕೆಲಸ ಇಂಥದ್ದೇ ಇರಲಿ.

ದೊಡ್ಡ ಲ್ಯಾಬ್ ಇಲ್ಲದೆ ಏನೂ ಆಗುವುದಿಲ್ಲ ಎನ್ನುವವರಿಗೆ ನಾನು ನೆಯ್ಯೂರಿನ ಕಥೆ ಹೇಳುತ್ತೇನೆ. ಆಗ ತಿರುವಾಂಕೂರಿಗೆ ಸೇರಿದ್ದ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ಐ.ಎಂ. ಓರ್ ಎಂಬ ವೈದ್ಯರಿದ್ದರು. ಬಾಯಿ ಕ್ಯಾನ್ಸರಿನವರು ಏನು ಜಗಿಯುತ್ತಾರೆ ಎಂದು ನೋಡಿ, 1933ರಲ್ಲಿ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಬರೆದರು. ಮುಂದೆ ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ವಿ.ಆರ್. ಖಾನೋಲ್ಕರ್ ಜನರ ಅಭ್ಯಾಸಕ್ಕೂ ಕ್ಯಾನ್ಸರಿಗೂ ಇರುವ ನಂಟನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಭಾರತದ ಪ್ಯಾಥಾಲಜಿಯ ಪಿತಾಮಹ ಎಂದು ಅವರನ್ನೇ ಕರೆಯುವುದು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, ಹೊಗೆಸೊಪ್ಪು ಸೇರಿಸಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದಿತು. 2004ರಲ್ಲಿ ಬಂದ ಸಂಪುಟದಲ್ಲಿ ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಸಣ್ಣ ಊರಿನ ಆಸ್ಪತ್ರೆಯ ಒಂದು ಪ್ರಶ್ನೆ ಅಲ್ಲಿಗೆ ಮುಟ್ಟಲು 70 ವರ್ಷ ಹಿಡಿಯಿತು. ನಾನು ಪುತ್ತೂರು ಕಡೆಯ ಅಡಿಕೆ ತೋಟದ ಮನೆಯವಳು, ನನ್ನ ಫೀಸು ಕಟ್ಟಿದ್ದೇ ಅಡಿಕೆ. ಇದನ್ನು ಬರೆಯುವುದು ನನಗೆ ಸುಲಭ ಅಲ್ಲ, ಆದರೆ ಸ್ಲೈಡಿನಲ್ಲಿ ಕಂಡದ್ದನ್ನು ಮುಚ್ಚಿಡಲು ಆಗುವುದಿಲ್ಲ.

ಓರ್ ಕೇಳಿದ ಪ್ರಶ್ನೆಗೆ ನಮ್ಮ ಬಯಾಪ್ಸಿ ಫಾರಂಗಳಲ್ಲಿ ಇವತ್ತಿಗೂ ಎಷ್ಟೋ ಸಲ ಉತ್ತರ ಇರುವುದಿಲ್ಲ. ಅಭ್ಯಾಸ ಎಂಬ ಜಾಗ ಖಾಲಿ. ನೀವೇ ವಾರ್ಡಿಗೆ ಹೋಗಿ ಕೇಳಿ. "ತಂಬಾಕು ತಿನ್ನುತ್ತೀರಾ?" ಎಂದರೆ "ಇಲ್ಲ, ಬರೀ ಎಲೆ ಅಡಿಕೆ" ಎಂದು ಹೇಳಿ ಮುಗಿಸುತ್ತಾರೆ. ಜೊತೆಗೆ ಏನು ಹಾಕುತ್ತೀರಿ, ದಿನಕ್ಕೆ ಎಷ್ಟು ಸಲ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ, ಎಷ್ಟು ವರ್ಷದಿಂದ, ರಾತ್ರಿ ಬಾಯಲ್ಲೇ ಇಟ್ಟು ಮಲಗುತ್ತೀರಾ? ಹೀಗೆ ಬಿಡಿಸಿ ಕೇಳಿ. ತುಳುವಿನಲ್ಲಿ "ಎಂಚ ಉಲ್ಲರ್" ಎಂದು ಮಾತು ಶುರು ಮಾಡಿದರೆ ಉತ್ತರ ಇನ್ನೂ ಸಲೀಸಾಗಿ ಬರುತ್ತದೆ.

ಬ್ಲಾಕ್ ಹುಡುಕುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನ ತೇವಕ್ಕೆ ಸ್ಲೈಡಿನ ಮೇಲೆ ಬೂಸು ಬರುತ್ತದೆ, ಲೇಬಲ್ ಕಿತ್ತು ಬರುತ್ತದೆ, ಪೆನ್ನಿನಲ್ಲಿ ಬರೆದ ನಂಬರ್ ಕದಡಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ವ್ಯಾಕ್ಸ್ ಮೆತ್ತಗಾಗಿ ಬ್ಲಾಕ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇರುವೆ, ಜಿರಲೆ ಕಾಟ ಬೇರೆ. ಡಿಸೆಂಬರ್, ಜನವರಿ ಒಳ್ಳೆಯದು. ಮೊದಲು ರಿಜಿಸ್ಟರ್ ನೋಡಿ ಪಟ್ಟಿ ಮಾಡಿ, ಆಮೇಲೆ ರ್‍ಯಾಕಿಗೆ ಹೋಗಿ, ಸಿಗದ ಬ್ಲಾಕ್‌ಗಳನ್ನೂ ಪಟ್ಟಿಯಲ್ಲಿ ಉಳಿಸಿ. ಎಷ್ಟು ಸಿಗಲಿಲ್ಲ ಎಂದು ಬರೆಯುವುದು ಪ್ರಾಮಾಣಿಕ ಸಂಶೋಧನೆಯ ಭಾಗ. ಬಣ್ಣ ಮಾಸಿದ ಸ್ಲೈಡಿಗೆ ಹೊಸ ಸೆಕ್ಷನ್ ಬೇಕಾಗುತ್ತದೆ, ಅದಕ್ಕೆ ಟೆಕ್ನಿಷಿಯನ್ ಬೇಕು. ಅವರ ದಿನದ ಕೆಲಸ ಮುಗಿಯುವ ಹೊತ್ತಿಗೆ 60 ಬ್ಲಾಕ್ ಒಟ್ಟಿಗೆ ತಂದು ಇಡಬೇಡಿ. ದಿನಕ್ಕೆ ಐದರಂತೆ ಕೊಡಿ, ಜೊತೆಗೆ ಕೂರಿ.

ಇದಕ್ಕಿಂತ ಕಷ್ಟ, ಕಾಯಿಲೆಯವರು ಆಮೇಲೆ ಏನಾದರು ಎಂದು ತಿಳಿಯುವುದು. ಸರ್ಜರಿ ಇಲ್ಲಿ ಮಾಡಿಸಿ ರೇಡಿಯೇಷನ್‌ಗೆ ಬೆಂಗಳೂರಿನ ಕಿದ್ವಾಯಿಗೆ ಹೋದವರಿರುತ್ತಾರೆ, ಫೋನ್ ನಂಬರ್ ಬದಲಾಗಿರುತ್ತದೆ. ಎಥಿಕ್ಸ್ ಕಮಿಟಿಯ ಅನುಮತಿಯಲ್ಲೇ ಫೋನ್ ಮಾಡುವ ವಿಷಯವನ್ನೂ ಸ್ಪಷ್ಟವಾಗಿ ಬರೆದು ಕೇಳಿ. ಹಳೇ ಬ್ಲಾಕ್ ಮಾತ್ರ ನೋಡುವುದಾದರೂ ಅನುಮತಿ ಬೇಕು. ನಾನು ಮೊದಲ ಸಲ ಫೋನ್ ಮಾಡಿದಾಗ ಎತ್ತಿದ್ದು ಮಗಳು. "ಅಪ್ಪ ಹೋಗಿ ಎರಡು ವರ್ಷ ಆಯ್ತು" ಎಂದಳು. ನನ್ನ ಹಾಳೆಯಲ್ಲಿ ತುಂಬಬೇಕಾದದ್ದು ಒಂದು ತಾರೀಕು, ಆದರೆ ಆ ಹುಡುಗಿಗೆ ಅರ್ಧ ಗಂಟೆ ಮಾತಾಡಬೇಕಿತ್ತು. ಮಾತಾಡಿದೆವು. ಹಾಗಾಗಿ ಹೇಳುತ್ತೇನೆ, ದಿನಕ್ಕೆ ನಾಲ್ಕೈದು ಮನೆಗಿಂತ ಜಾಸ್ತಿ ಫೋನ್ ಮಾಡಬೇಡಿ, ಡ್ಯೂಟಿಯ ಮಧ್ಯೆ ಮಾಡಬೇಡಿ, ಮಲಯಾಳವೋ ಬ್ಯಾರಿಯೋ ಕೊಂಕಣಿಯೋ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸ್ಟಾಟಿಸ್ಟಿಕ್ಸ್‌ನವರ ಹತ್ತಿರ ಲೆಕ್ಕ ಎಲ್ಲಾ ಮುಗಿದ ಮೇಲೆ ಹೋಗುವುದಲ್ಲ, ಶುರು ಮಾಡುವ ಮೊದಲೇ ಹೋಗಿ. ಇಬ್ಬರ ಅಭಿಪ್ರಾಯ ಎಷ್ಟು ಹೊಂದುತ್ತದೆ ಎಂದು ನೋಡಲು ಕೊಹೆನ್ ಕಪ್ಪಾ ಎಂಬ ಲೆಕ್ಕ ಬಳಸುತ್ತಾರೆ, ಮಿ.ಮೀ. ಅಳತೆಗೆ ಬೇರೆ ವಿಧಾನ. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು. ಪೇಪರಿನಲ್ಲಿ ಯಾರ ಹೆಸರು ಎಲ್ಲಿ ಬರಬೇಕು ಎಂಬುದನ್ನೂ ಮೊದಲ ದಿನವೇ ಗೈಡ್ ಜೊತೆ ಮಾತಾಡಿ. ಸಂಕೋಚ ಬೇಡ.

ಬರೆದಾದ ಮೇಲೆ ಎಲ್ಲಿಗೆ ಕಳಿಸುವುದು? ಇಂಡಿಯನ್ ಜರ್ನಲ್ ಆಫ್ ಪ್ಯಾಥಾಲಜಿ ಆಂಡ್ ಮೈಕ್ರೋಬಯಾಲಜಿ ನಮ್ಮದೇ ಸಂಘದ್ದು, ಅಲ್ಲಿಂದ ಯೋಚನೆ ಶುರು ಮಾಡಬಹುದು. "ಡಿಯರ್ ಎಮಿನೆಂಟ್ ಡಾಕ್ಟರ್" ಎಂದು ಮೇಲ್ ಬಂದರೆ ದೂರ ಇರಿ. ನನ್ನ ಎರಡನೇ ಪೇಪರನ್ನು ಅಂಥ ಒಂದು ಜರ್ನಲ್ ಮೂರೇ ದಿನದಲ್ಲಿ ಒಪ್ಪಿಕೊಂಡಿತು, ಒಂದು ಅಕ್ಷರ ತಿದ್ದಲಿಲ್ಲ, ದುಡ್ಡು ತೆಗೆದುಕೊಂಡಿತು. ಎರಡು ವರ್ಷದಲ್ಲಿ ಆ ವೆಬ್‌ಸೈಟೇ ಇರಲಿಲ್ಲ. ಒಂದೂವರೆ ವರ್ಷದ ಕೆಲಸ ಯಾರ ಕಣ್ಣಿಗೂ ಬೀಳದೆ ಹೋಯಿತು, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಳಿಸುವ ಮೊದಲು ಒಂದೇ ಪರೀಕ್ಷೆ ಮಾಡಿ: ಆ ಜರ್ನಲಿನ ಹಳೇ ಪೇಪರ್‌ಗಳು ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರ್‌ಗಳ ಆನ್‌ಲೈನ್ ಪಟ್ಟಿಯಲ್ಲಿ ಸಿಗುತ್ತವಾ, ನಿಮ್ಮ ಗೈಡ್ ಅದನ್ನು ಓದುತ್ತಾರಾ?

ಹೆಸರಿನ ವಿಷಯವನ್ನು ನಮ್ಮ ಕಡೆಯವರು ಸ್ವಲ್ಪ ಜಾಸ್ತಿಯೇ ಗಮನಿಸಬೇಕು. ಶೆಟ್ಟಿ, ರಾವ್, ಭಟ್, ಕಾಮತ್, ಪೈ, ಡಿಸೋಜಾ. ಒಂದೇ ಇನಿಶಿಯಲ್ ಇರುವ ಶೆಟ್ಟಿ ಡಾಕ್ಟರ್‌ಗಳು ಎಷ್ಟು ಜನ! ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳ ಅರ್ಧ ಕೆಲಸ ಬೇರೆಯವರ ಲೆಕ್ಕಕ್ಕೆ ಹೋಗುವುದೂ ಇದೆ. ಆರ್ಕಿಡ್ ಐಡಿ ಎಂದು 16 ಅಂಕಿಯ ಗುರುತು ಸಿಗುತ್ತದೆ, 2012ರಿಂದ ಇದೆ, ದುಡ್ಡಿಲ್ಲ. ಮೊದಲ ಪೇಪರಿಗೆ ಮುಂಚೆಯೇ ಮಾಡಿಸಿಕೊಳ್ಳಿ, ಹೆಸರಿನ ಕಾಗುಣಿತ ಒಂದೇ ಇಟ್ಟುಕೊಳ್ಳಿ.

ಇನ್ನು ಎಲ್ಲರೂ ಕೇಳುವ ಎಚ್-ಇಂಡೆಕ್ಸ್, ಅಂದರೆ ಒಬ್ಬರ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂದು ಅಳೆಯುವ ಸಂಖ್ಯೆ. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಇದನ್ನು ಮುಂದಿಟ್ಟರು. ನಿಮ್ಮ ಐದು ಪೇಪರ್‌ಗಳನ್ನು ಬೇರೆಯವರು 40, 12, 6, 4, 1 ಸಲ ಉಲ್ಲೇಖಿಸಿದ್ದರೆ ನಿಮ್ಮ ಎಚ್-ಇಂಡೆಕ್ಸ್ 4. ನಾಲ್ಕು ಪೇಪರಿಗೆ ಕನಿಷ್ಠ ನಾಲ್ಕು ಉಲ್ಲೇಖ ಇದೆ ಎಂದು ಅರ್ಥ. ಇನ್ನೊಬ್ಬರು ಒಂದೇ ಪೇಪರ್ ಬರೆದು ಅದಕ್ಕೆ 900 ಉಲ್ಲೇಖ ಬಂದಿದ್ದರೂ ಅವರದ್ದು 1! ವಯಸ್ಸಾದವರಿಗೆ ಅದು ತಾನಾಗಿ ಏರುತ್ತದೆ, ಇಳಿಯುವುದು ಇಲ್ಲವೇ ಇಲ್ಲ. ಪ್ರಮೋಷನ್ ಅರ್ಜಿಗೆ ಬರೆದುಕೊಳ್ಳಿ, ಆದರೆ ಯಾರ ಕೆಲಸವನ್ನಾದರೂ ತೂಗಬೇಕಾದಾಗ ನಾನು ನೋಡುವುದು ಬೇರೆ. ಇವರ ಪೇಪರ್ ಓದಿ ಯಾರು ತಮ್ಮ ಕೆಲಸದ ರೀತಿ ಬದಲಿಸಿದರು?

ಟಾಟಾ ಮೆಮೋರಿಯಲ್‌ನಲ್ಲಿ ಸರ್ಜನ್ ಆಗಿದ್ದ ಅನಿಲ್ ಡಿಕ್ರೂಜ್ ಅವರ ತಂಡದ ಕೆಲಸ ನೋಡಿ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ ಅಲ್ಲಿನ ಲಿಂಫ್ ನೋಡ್‌ಗಳನ್ನು ಮೊದಲೇ ತೆಗೆಯಬೇಕಾ, ಕಂಡ ಮೇಲೆ ತೆಗೆದರೆ ಸಾಕಾ? 2015ರಲ್ಲಿ ಅವರು ಉತ್ತರ ಕೊಟ್ಟರು. ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ 80% ಜನ ಬದುಕಿದ್ದರು, ಕಾದವರಲ್ಲಿ 67.5%. ಅಲ್ಲೂ ಗಡ್ಡೆಯ ಆಳದ ಪ್ರಶ್ನೆ ಬರುತ್ತದೆ, ಆ ಆಳವನ್ನು ಮಿ.ಮೀ. ಲೆಕ್ಕದಲ್ಲಿ ಬರೆದು ಕೊಡುವುದು ನಮ್ಮಂಥ ಪ್ಯಾಥಾಲಜಿಸ್ಟ್‌ಗಳೇ.

ನಮ್ಮ ಮಟ್ಟದಲ್ಲಿ ಇದು ಸಣ್ಣದಾಗಿ ಕಾಣುತ್ತದೆ. ಆಳದ ಬಗ್ಗೆ ನಾವು ಮಾಡಿದ ಕೆಲಸವನ್ನು ಪಕ್ಕದ ಕಾಲೇಜಿನವರು ಓದಿ ಗ್ರಾಸಿಂಗ್ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದರು: "ಪಕ್ಕದ ಮ್ಯೂಕೋಸಾ ಸೇರಿಸಿ ತುಂಡು ತೆಗೆಯಿರಿ." ಉಲ್ಲೇಖದ ಲೆಕ್ಕದಲ್ಲಿ ಅದು ಎಲ್ಲೂ ಬರುವುದಿಲ್ಲ. ನನಗೆ ಈವರೆಗೆ ಜಾಸ್ತಿ ಖುಷಿ ಕೊಟ್ಟದ್ದು ಆ ಹಾಳೆಯೇ.

ಎಂಬಿಬಿಎಸ್‌ನಲ್ಲಿ ಇರುವವರು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ಎಸ್‌ಟಿಎಸ್ ಎಂಬ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕಿ ನೋಡಿ, ಎರಡು ತಿಂಗಳ ಸಣ್ಣ ಸಂಶೋಧನೆಗೆ ಒಳ್ಳೆ ಅಭ್ಯಾಸ. ಪಿಜಿಯವರು ಈ ಶನಿವಾರ ಸಂಜೆ ರಿಜಿಸ್ಟರ್ ತೆಗೆಯಿರಿ, ಕಳೆದ ವರ್ಷದ ಬಾಯಿ ಕ್ಯಾನ್ಸರ್ ರಿಪೋರ್ಟ್‌ಗಳಲ್ಲಿ ಎಷ್ಟರಲ್ಲಿ ಆಳ ಬರೆದಿದೆ ಎಂದು ಎಣಿಸಿ. ಸೋಮವಾರ ಬೆಳಿಗ್ಗೆ ಆ ಸಂಖ್ಯೆ ಹಿಡಿದು ಗೈಡ್ ಹತ್ತಿರ ಹೋಗಿ.